ಕಡಲತಡಿಯ ಊರಿನಲ್ಲಿ ಒಂದು ತಿಂಗಳು ನೆಲೆಸುವ ಬಗೆ

ಬೆಚ್ಚನೆಯ ಕಡಲತಡಿಯ ಊರೊಂದರಲ್ಲಿ ತಿಂಗಳ ಕಾಲ ನೆಲೆಸಲು ಹೊರಟವರಲ್ಲಿ ಹಲವರು ಮೊದಲ ನಾಲ್ಕು ದಿನಗಳನ್ನು ವಾರಾಂತ್ಯದ ಪ್ರವಾಸಿಗರಂತೆಯೇ ಕಳೆದುಬಿಡುತ್ತಾರೆ. ಬಂದ ದಿನವೇ ನಡುಮಧ್ಯಾಹ್ನ ನೀರಿಗಿಳಿಯುತ್ತಾರೆ, ಕತ್ತಲಾಗುವವರೆಗೆ ಮರಳಿನ ಮೇಲೆಯೇ ಇರುತ್ತಾರೆ, ಮರುದಿನ ಸುತ್ತಲಿನ ಎಲ್ಲ ತೀರಗಳನ್ನೂ ಒಂದೇ ಉಸಿರಿಗೆ ನೋಡಿ ಮುಗಿಸುತ್ತಾರೆ. ಐದನೆಯ ದಿನ ಬೆನ್ನಿನ ಚರ್ಮ ಸುಲಿಯತೊಡಗುತ್ತದೆ, ತಲೆ ಭಾರವಾಗುತ್ತದೆ, ಇನ್ನುಳಿದ ಇಪ್ಪತ್ತೈದು ದಿನ ಏನು ಮಾಡಬೇಕೆಂದು ತೋಚದಂತಾಗುತ್ತದೆ. ದೀರ್ಘ ವಾಸಕ್ಕೆ ಬೇಕಾದ ಸಿದ್ಧತೆಯೇ ಬೇರೆ. ಅಲ್ಲಿ ದಿನಚರಿಯನ್ನು ಗೊತ್ತುಮಾಡುವುದು ಗಡಿಯಾರವಾಗಲಿ ನೋಡಬೇಕಾದ ಸ್ಥಳಗಳ ಪಟ್ಟಿಯಾಗಲಿ ಆಗಬಾರದು. ಬಿಸಿಲು, ಗಾಳಿ ಮತ್ತು ಉಬ್ಬರವಿಳಿತಗಳೇ ಆಗಬೇಕು. ಈ ಮೂರನ್ನು ಓದಲು ಕಲಿತವರಿಗೆ ಒಂದು ತಿಂಗಳು ಎಂದೂ ಉದ್ದವೆನಿಸುವುದಿಲ್ಲ.

ತಿಂಗಳನ್ನು ಆರಿಸಿಕೊಳ್ಳುವುದು

ಕಡಲು ನೆಲಕ್ಕಿಂತ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿಯೇ ಆರುತ್ತದೆ. ಉತ್ತರ ಗೋಳಾರ್ಧದ ಸಮಶೀತೋಷ್ಣ ಭಾಗಗಳಲ್ಲಿ ಸೂರ್ಯ ಅತಿ ಎತ್ತರದಲ್ಲಿರುವುದು ಜೂನ್ ತಿಂಗಳಲ್ಲಾದರೂ ನೀರು ಅತಿ ಬೆಚ್ಚಗಿರುವುದು ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ. ದಕ್ಷಿಣ ಗೋಳಾರ್ಧದಲ್ಲಿ ಇದೇ ಲೆಕ್ಕ ಫೆಬ್ರವರಿ, ಮಾರ್ಚ್‌ಗೆ ಬರುತ್ತದೆ. ಆದ್ದರಿಂದ ಬಿಸಿಲು ಇಳಿಮುಖವಾಗಿ, ರಜೆಯ ಜನಸಂದಣಿ ಕರಗಿ, ನೀರು ಮಾತ್ರ ಇನ್ನೂ ಬೆಚ್ಚಗಿರುವ ಬೇಸಿಗೆಯ ಕೊನೆಯ ವಾರಗಳು ದೀರ್ಘ ವಾಸಕ್ಕೆ ಬಹಳ ಹಿತವಾದವು. ಆದರೆ ಇದೇ ಬೆಚ್ಚನೆಯ ನೀರು ಚಂಡಮಾರುತಗಳಿಗೂ ಬಲ ಕೊಡುತ್ತದೆ ಎಂಬುದನ್ನು ಮರೆಯಬಾರದು. ಅಟ್ಲಾಂಟಿಕ್ ಸಾಗರದಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲವೆಂದು ಗುರುತಿಸಲಾಗಿದ್ದು, ಅದರ ಉತ್ತುಂಗ ಸೆಪ್ಟೆಂಬರ್ ತಿಂಗಳಿನಲ್ಲಿಯೇ ಬರುತ್ತದೆ. ಸಮಭಾಜಕಕ್ಕೆ ಹತ್ತಿರದ ಊರುಗಳಲ್ಲಿ ನೀರಿನ ಬಿಸಿ ವರ್ಷವಿಡೀ ಹೆಚ್ಚು ಬದಲಾಗದು. ಅಲ್ಲಿ ನೋಡಬೇಕಾದದ್ದು ಮಳೆಯನ್ನು ಮತ್ತು ಗಾಳಿ ಯಾವ ದಿಕ್ಕಿನಿಂದ ಬೀಸುತ್ತದೆ ಎಂಬುದನ್ನು. ಗಾಳಿ ನೇರವಾಗಿ ತೀರಕ್ಕೆ ಅಪ್ಪಳಿಸುವ ತಿಂಗಳುಗಳಲ್ಲಿ ಕಡಲು ಕೆಸರಾಗಿ, ಅಲೆಗಳು ಒರಟಾಗಿ, ವಾರಗಟ್ಟಲೆ ಈಜಲಾಗದೆ ಕೂರಬೇಕಾಗಬಹುದು.

ನೀರಿನ ಬಿಸಿಯ ಬಗ್ಗೆ ಇನ್ನೊಂದು ಮಾತು. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಸೆಳೆದುಕೊಳ್ಳುತ್ತದೆ. ಆದ್ದರಿಂದ 26 ಡಿಗ್ರಿಯ ನೀರು ಕಾಲಿಟ್ಟಾಗ ಹಿತವೆನಿಸಿದರೂ ಅದರಲ್ಲಿ ತುಂಬ ಹೊತ್ತು ಇದ್ದರೆ ಮೈ ನಡುಗುವುದುಂಟು. ಮಕ್ಕಳಿಗೆ ಇದು ಬೇಗ ಆಗುತ್ತದೆ, ಅವರು ಅದನ್ನು ಬೇಗ ಹೇಳುವುದೂ ಇಲ್ಲ.

ಮನೆಯನ್ನು ನೋಡುವುದು

ಇಡೀ ವಾಸದ ನೆಮ್ಮದಿ ಮನೆಯ ಆಯ್ಕೆಯ ಮೇಲೆ ನಿಂತಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ತೀರ ಎಷ್ಟೇ ಸುಂದರವಾಗಿದ್ದರೂ ದಿನದ ಹದಿನಾರು ಗಂಟೆ ನಾವು ಇರುವುದು ಮನೆಯಲ್ಲಿ. ಚಿತ್ರಗಳನ್ನಷ್ಟೇ ನೋಡಿ ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೊಟ್ಟುಬಿಡಬೇಡಿ. ಮೊದಲ ಮೂರು ರಾತ್ರಿಗಳಿಗೆ ಯಾವುದಾದರೊಂದು ತಂಗುದಾಣವನ್ನು ಹಿಡಿದು, ಅಲ್ಲಿಂದ ಕಾಲ್ನಡಿಗೆಯಲ್ಲಿ ಊರನ್ನು ನೋಡಿ, ಆ ಬಳಿಕ ಉಳಿದ ದಿನಗಳ ಮನೆಯನ್ನು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಜನದಟ್ಟಣೆಯ ಕಾಲವಾದ್ದರಿಂದ ಮುಂಗಡ ಕೊಡಲೇಬೇಕಾದರೆ ಒಂದು ವಾರಕ್ಕೆ ಮಾತ್ರ ಕೊಟ್ಟು, ಇಷ್ಟವಾದರೆ ಮುಂದುವರಿಸುವ ಮಾತನ್ನು ಬರಹದಲ್ಲಿ ಪಡೆಯಿರಿ.

ನೀರಿಗೆ ಅಂಟಿಕೊಂಡ ಮೊದಲ ಸಾಲಿನ ಮನೆಯೇ ಬೇಕೆಂಬ ಆಸೆ ಸಹಜ. ಆದರೂ ಐದು ಹತ್ತು ನಿಮಿಷ ನಡೆದು ತೀರ ಸೇರಬಹುದಾದ ಎರಡನೆಯ ಅಥವಾ ಮೂರನೆಯ ಸಾಲಿನ ಮನೆಯನ್ನೇ ನಾನು ಸೂಚಿಸುತ್ತೇನೆ. ಮುರಿಯುವ ಅಲೆಗಳಿಂದ ಏಳುವ ಉಪ್ಪಿನ ತುಂತುರು ಮೊದಲ ಸಾಲಿನ ಮನೆಯ ಗಾಜು, ಬಟ್ಟೆ, ಹಾಸಿಗೆಗಳ ಮೇಲೆಲ್ಲ ಅಂಟಂಟಾಗಿ ಕೂರುತ್ತದೆ. ಮೊದಲ ರಾತ್ರಿ ಜೋಗುಳದಂತೆ ಕೇಳಿಸಿದ ಅಲೆಯ ಸದ್ದು ಉಬ್ಬರದ ನಡುರಾತ್ರಿಗಳಲ್ಲಿ ನಿದ್ದೆಗೆಡಿಸುವುದೂ ಉಂಟು. ಮನೆ ನೋಡಲು ಹೋದಾಗ ಕಿಟಕಿಯ ತಿರುಗಣಿಗಳನ್ನೂ ಚಿಲಕಗಳನ್ನೂ ಮುಟ್ಟಿ ನೋಡಿ. ಅವು ಎಷ್ಟು ತುಕ್ಕು ಹಿಡಿದಿವೆ ಎಂಬುದು ಆ ಮನೆಯೊಳಗೆ ಎಷ್ಟು ಉಪ್ಪುಗಾಳಿ ನುಗ್ಗುತ್ತದೆ ಎಂಬುದನ್ನು ಯಾವ ಮಾತಿಗಿಂತಲೂ ಚೆನ್ನಾಗಿ ತಿಳಿಸುತ್ತದೆ.

ಆ ನಂತರ ನಲ್ಲಿಯನ್ನು ತಿರುಗಿಸಿ ಸ್ವಲ್ಪ ನೀರನ್ನು ನಾಲಿಗೆಗೆ ಮುಟ್ಟಿಸಿ ಉಗುಳಿ, ಕೈಗೆ ಸೋಪು ಹಚ್ಚಿ ನೋಡಿ. ತೀರದ ಬಳಿ ಅಂತರ್ಜಲವನ್ನು ಅತಿಯಾಗಿ ಎತ್ತಿದಲ್ಲಿ ಕಡಲ ನೀರು ನೆಲದಡಿಯಿಂದ ಒಳನುಗ್ಗಿ ಬಾವಿ, ಕೊಳವೆಬಾವಿಗಳು ಉಪ್ಪಾಗುತ್ತವೆ. ನೊರೆ ಸರಿಯಾಗಿ ಏಳದಿದ್ದರೆ ಒಂದು ತಿಂಗಳು ಕೂದಲು ಮತ್ತು ಬಟ್ಟೆ ತೊಳೆಯುವುದು ಕಷ್ಟವಾದೀತು. ಕುಡಿಯುವ ನೀರಿಗೆ ಬೇರೆ ಏರ್ಪಾಡು ಬೇಕೇಬೇಕು.

ಗಾಳಿಯ ಲೆಕ್ಕವನ್ನು ತಿಳಿದವರಿಗೆ ಯಂತ್ರದ ತಂಪು ಅಷ್ಟಾಗಿ ಬೇಕಾಗುವುದಿಲ್ಲ. ಹಗಲಿನಲ್ಲಿ ನೆಲ ಬೇಗ ಕಾದು ಅದರ ಮೇಲಿನ ಗಾಳಿ ಮೇಲೇರುತ್ತದೆ, ಆ ಜಾಗಕ್ಕೆ ಕಡಲಿನ ಮೇಲಿನ ತಂಪುಗಾಳಿ ಬರುತ್ತದೆ. ಈ ಕಡಲಗಾಳಿ ಸಾಮಾನ್ಯವಾಗಿ ಬೆಳಗಿನ ಹತ್ತು ಹನ್ನೊಂದರ ಹೊತ್ತಿಗೆ ಆರಂಭವಾಗಿ ಮಧ್ಯಾಹ್ನದ ನಂತರ ಜೋರಾಗುತ್ತದೆ. ರಾತ್ರಿ ನೆಲ ಬೇಗ ಆರಿದಾಗ ಗಾಳಿ ಹಿಮ್ಮುಖವಾಗಿ ನೆಲದಿಂದ ಕಡಲಿಗೆ ಹರಿಯುತ್ತದೆ. ಕಡಲ ಕಡೆಗೊಂದು, ಅದರ ಎದುರು ಗೋಡೆಯಲ್ಲಿ ಇನ್ನೊಂದು ಕಿಟಕಿ ಇರುವ ಕೋಣೆಯಲ್ಲಿ ಎರಡೂ ಗಾಳಿಗಳು ಹಾದುಹೋಗುತ್ತವೆ. ಪಶ್ಚಿಮಕ್ಕೆ ಕಡಲಿರುವ ಊರಿನಲ್ಲಿ ಸೂರ್ಯಾಸ್ತ ಕಾಣುವ ಕೋಣೆಯೇ ಮಧ್ಯಾಹ್ನದ ಬಿಸಿಲನ್ನೆಲ್ಲ ಹೀರಿಕೊಂಡು ರಾತ್ರಿಯವರೆಗೂ ಸೆಕೆಯನ್ನು ಉಗುಳುತ್ತದೆ ಎಂಬುದನ್ನು ನೆನಪಿಡಿ. ನೋಟಕ್ಕೆ ಆ ಕಡೆಯ ಜಗಲಿ ಇರಲಿ, ಮಲಗಲು ಹಿಂದಿನ ಕೋಣೆ ಇರಲಿ. ಕಿಟಕಿಗಳಿಗೆ ಸೊಳ್ಳೆಪರದೆ ಇಲ್ಲದ ಮನೆಯನ್ನು ಒಪ್ಪಬೇಡಿ. ಬಟ್ಟೆ ಒಣಹಾಕಲು ನೆರಳಿರುವ, ಗಾಳಿಯಾಡುವ ಜಾಗ, ಒಳಗೆ ಬರುವ ಮುನ್ನ ಕಾಲಿನ ಮರಳು ತೊಳೆಯಲು ಹೊರಗೊಂದು ನಲ್ಲಿ, ಇವೆರಡು ಇದ್ದರೆ ಮನೆಗೆಲಸ ಅರ್ಧ ಕಡಿಮೆಯಾಗುತ್ತದೆ.

ಮನೆ ಗೊತ್ತಾದ ದಿನವೇ ಎತ್ತರದ ನೆಲಕ್ಕೆ ಹೋಗುವ ದಾರಿಯನ್ನು ಒಮ್ಮೆ ನಡೆದು ನೋಡಬೇಕು. 2004ರ ಡಿಸೆಂಬರ್ 26ರಂದು ಹಿಂದೂ ಮಹಾಸಾಗರದ ಸುನಾಮಿ ಬಂದಾಗ ಹಲವು ತೀರಗಳಲ್ಲಿ ಅಲೆಗೆ ಮುನ್ನ ನೀರು ಬಹುದೂರ ಹಿಂದೆ ಸರಿದಿತ್ತು. ಅದನ್ನು ನೋಡಲು ಕೆಳಗಿಳಿದವರಿದ್ದರು. ನಿಲ್ಲಲಾಗದಷ್ಟು ಜೋರಾದ ಅಥವಾ ತುಂಬ ಹೊತ್ತು ಮುಂದುವರಿದ ಭೂಕಂಪ, ಕಡಲು ಇದ್ದಕ್ಕಿದ್ದಂತೆ ಹಿಂದೆ ಸರಿಯುವುದು, ಕಡಲ ಕಡೆಯಿಂದ ಭಾರಿ ಮೊರೆತ ಕೇಳಿಸುವುದು, ಇವುಗಳಲ್ಲಿ ಯಾವೊಂದು ಕಂಡರೂ ಎಚ್ಚರಿಕೆಯ ಸೈರನ್‌ಗಾಗಿ ಕಾಯದೆ ಎತ್ತರಕ್ಕೆ ಹೋಗಬೇಕು.

ಮೊದಲ ಹತ್ತು ದಿನ ಮೈಗೆ ಬಿಡಿ

ತಂಪು ಅಥವಾ ಒಣ ಹವೆಯಿಂದ ಬಂದ ಮೈ ಸೆಕೆಗೆ ಹೊಂದಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಈ ಅವಧಿಯಲ್ಲಿ ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗನೆ ಆರಂಭವಾಗುತ್ತದೆ, ಬೆವರಿನಲ್ಲಿ ಕಳೆದುಹೋಗುವ ಉಪ್ಪಿನ ಪ್ರಮಾಣ ಇಳಿಯುತ್ತದೆ. ಈ ಬದಲಾವಣೆಯನ್ನು ಅವಸರಪಡಿಸಲಾಗದು. ಕಡಲತಡಿಯ ತೇವದ ಗಾಳಿಯಲ್ಲಿ ಬೆವರು ಆರದೆ ಮೈಮೇಲೆಯೇ ನಿಲ್ಲುವುದರಿಂದ, ಒಳನಾಡಿನ 35 ಡಿಗ್ರಿಯನ್ನು ಸಲೀಸಾಗಿ ತಡೆದವರೂ ಇಲ್ಲಿ 31 ಡಿಗ್ರಿಗೇ ಸೋತುಹೋಗುತ್ತಾರೆ. ಇದನ್ನು ದೌರ್ಬಲ್ಯವೆಂದು ತಿಳಿದು ಬೇಸರಪಡಬೇಕಾಗಿಲ್ಲ.

ಆದ್ದರಿಂದ ಮೊದಲ ಹತ್ತು ದಿನಗಳಿಗೆ ಯಾವ ಕಾರ್ಯಕ್ರಮವನ್ನೂ ಹಾಕಿಕೊಳ್ಳಬೇಡಿ. ಬೆಳಗ್ಗೆ ಎರಡು ಗಂಟೆ ಕಾಲ, ಸಂಜೆ ಎರಡು ಗಂಟೆ ಕಾಲ ಹೊರಗಿರಿ. ನಡುವಿನ ಹೊತ್ತನ್ನು ಊಟ, ಓದು, ನಿದ್ದೆಗೆ ಕೊಡಿ. ಬಾಯಾರಿಕೆಗೆ ಕಾಯದೆ ಸ್ವಲ್ಪಸ್ವಲ್ಪವಾಗಿ ನೀರು ಕುಡಿಯಿರಿ. ಮೂತ್ರದ ಬಣ್ಣ ತಿಳಿಹಳದಿಯಾಗಿದ್ದರೆ ನೀರು ಸಾಕಷ್ಟಾಗಿದೆ ಎಂದರ್ಥ, ಗಾಢವಾಗಿದ್ದರೆ ಸಾಲದು. ತುಂಬ ಬೆವರಿದ ದಿನ ನೀರಿನೊಂದಿಗೆ ಉಪ್ಪೂ ಬೇಕು. ಊಟವನ್ನು ಬಿಡದಿದ್ದರೆ ಅದು ಸಾಮಾನ್ಯವಾಗಿ ದೊರೆಯುತ್ತದೆ. ತಲೆಸುತ್ತು, ವಾಕರಿಕೆ ಬಂದವರನ್ನು ನೆರಳಿಗೆ ಕರೆದೊಯ್ದು, ಮೈ ಒದ್ದೆ ಮಾಡಿ ಗಾಳಿ ಹಾಕಬೇಕು. ಮಾತು ತೊದಲಿದರೆ, ಗೊಂದಲ ಕಂಡರೆ ಒಂದು ಕ್ಷಣವೂ ತಡಮಾಡದೆ ವೈದ್ಯರ ನೆರವು ಪಡೆಯಬೇಕು, ಏಕೆಂದರೆ ಅದು ಜೀವಕ್ಕೆ ಅಪಾಯ ತರುವ ಬಿಸಿಲಾಘಾತದ ಗುರುತು.

ಬಿಸಿಲಿನ ಅಂದಾಜಿಗೆ ಸುಲಭವಾದ ಅಳತೆಗೋಲು ನಿಮ್ಮ ನೆರಳು. ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ನೇರಳಾತೀತ ಕಿರಣಗಳು ತೀವ್ರವಾಗಿವೆ ಎಂದು ತಿಳಿಯಿರಿ. ಈ ಕಿರಣಗಳ ತೀವ್ರತೆಯನ್ನು ಹೇಳುವ ವಿಶ್ವ ಆರೋಗ್ಯ ಸಂಸ್ಥೆಯ ಯುವಿ ಸೂಚ್ಯಂಕ 3 ಮುಟ್ಟಿದರೆ ರಕ್ಷಣೆ ಬೇಕು, 8 ಮುಟ್ಟಿದರೆ ನಡುಹಗಲಿನಲ್ಲಿ ಹೊರಗಿರದಿರುವುದೇ ಲೇಸು. ಉಷ್ಣವಲಯದ ತೀರಗಳಲ್ಲಿ ಅದು 11ನ್ನು ಮೀರುವುದು ಸಾಮಾನ್ಯ. ಮೋಡ ಕವಿದ ದಿನ ನಂಬಿ ಕೆಟ್ಟವರು ಬಹಳ, ಏಕೆಂದರೆ ತೆಳುಮೋಡದ ಮೂಲಕ ಈ ಕಿರಣಗಳ ಬಹುಪಾಲು ಕೆಳಗಿಳಿಯುತ್ತದೆ. ಒಣಮರಳು ಸುಮಾರು ಶೇಕಡಾ 15ರಷ್ಟನ್ನೂ ಕಡಲ ನೊರೆ ಸುಮಾರು ಶೇಕಡಾ 25ರಷ್ಟನ್ನೂ ಹಿಂದಕ್ಕೆ ಎರಚುವುದರಿಂದ ಛತ್ರಿಯ ಕೆಳಗೆ ಕುಳಿತವರಿಗೂ ಕೆಳಗಿನಿಂದ ಬಿಸಿಲು ತಗಲುತ್ತದೆ.

ಸನ್‌ಸ್ಕ್ರೀನ್ ವಿಷಯದಲ್ಲಿ ಜನ ಎಡವುವುದು ಅಂಕಿಯಲ್ಲಲ್ಲ, ಪ್ರಮಾಣದಲ್ಲಿ. ರಕ್ಷಣೆಯ ಮಟ್ಟವನ್ನು ಹೇಳುವ ಎಸ್‌ಪಿಎಫ್ ಅಂಕಿ 30 ಇರುವ ಲೇಪ, ಮೈ ಸುಡುವ ಯುವಿಬಿ ಎಂಬ ನೇರಳಾತೀತ ಕಿರಣಗಳಲ್ಲಿ ಸುಮಾರು ಶೇಕಡಾ 97ರಷ್ಟನ್ನು ತಡೆಯುತ್ತದೆ, 50 ಇರುವುದು ಸುಮಾರು 98ರಷ್ಟನ್ನು, ವ್ಯತ್ಯಾಸ ಅಷ್ಟೇ. ಆದರೆ ವಯಸ್ಕರ ಇಡೀ ಮೈಗೆ 30ರಿಂದ 35 ಮಿಲಿಲೀಟರ್ ಬೇಕಾಗುತ್ತದೆ, ಹೆಚ್ಚಿನವರು ಅದರ ಅರ್ಧವನ್ನೂ ಹಚ್ಚುವುದಿಲ್ಲ. ಹೊರಡುವ ಹದಿನೈದು ಇಪ್ಪತ್ತು ನಿಮಿಷ ಮೊದಲು ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತು ಈಜಿ ಬಂದು ಮೈ ಒರೆಸಿಕೊಂಡಾಗಲೆಲ್ಲ ಮತ್ತೆ ಹಚ್ಚಬೇಕು. ಇಷ್ಟು ಲೇಪವನ್ನು ತಿಂಗಳಿಡೀ ಬಳಸುವ ಬದಲು ತೋಳು ತುಂಬಿದ, ಒತ್ತಾಗಿ ನೇಯ್ದ ಬಟ್ಟೆ ಮತ್ತು ಅಗಲ ಅಂಚಿನ ಟೋಪಿಯನ್ನು ನೆಚ್ಚಿಕೊಂಡು, ಮುಖ, ಕತ್ತು, ಪಾದಗಳಿಗೆ ಮಾತ್ರ ಲೇಪ ಹಚ್ಚುವುದು ಮೈಗೂ ಕಡಲಿಗೂ ಹಿತ. ಹವಳಕ್ಕೆ ಹಾನಿಯಾಗುವ ಆತಂಕದಿಂದ ಪೆಸಿಫಿಕ್ ಸಾಗರದ ಪಲಾವ್ ದೇಶವು 2020ರಿಂದ, ಅಮೆರಿಕದ ಹವಾಯಿ ರಾಜ್ಯವು 2021ರಿಂದ ಆಕ್ಸಿಬೆನ್‌ಜೋನ್ ಮತ್ತು ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕಗಳಿರುವ ಸನ್‌ಸ್ಕ್ರೀನ್‌ಗಳ ಮಾರಾಟವನ್ನು ನಿಷೇಧಿಸಿವೆ. ಸೊಳ್ಳೆ ಓಡಿಸುವ ಲೇಪವನ್ನೂ ಬಳಸುವವರು ಮೊದಲು ಸನ್‌ಸ್ಕ್ರೀನ್ ಹಚ್ಚಿ, ಅದು ಆರಿದ ಮೇಲೆ ಸೊಳ್ಳೆಯ ಲೇಪವನ್ನು ಹಚ್ಚಬೇಕು. ಡೆಂಗಿ ಹರಡುವ ಸೊಳ್ಳೆ ಕಚ್ಚುವುದು ಹಗಲಿನಲ್ಲಿ ಎಂಬುದೂ ನೆನಪಿರಲಿ.

ಉಬ್ಬರವಿಳಿತದ ದಿನಚರಿ

ಈ ಬರಹದಲ್ಲಿ ಒಂದೇ ಒಂದು ಸಲಹೆಯನ್ನು ಉಳಿಸಿಕೊಳ್ಳುವುದಾದರೆ ನಾನು ಇದನ್ನೇ ಉಳಿಸಿಕೊಳ್ಳುತ್ತೇನೆ: ಆ ಊರಿನ ಉಬ್ಬರವಿಳಿತದ ವೇಳಾಪಟ್ಟಿಯನ್ನು ಬರೆದು ಗೋಡೆಗೆ ಅಂಟಿಸಿಕೊಳ್ಳಿ. ಬಹುಪಾಲು ತೀರಗಳಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ ಹಿಡಿಯುವುದರಿಂದ ಪ್ರತಿದಿನವೂ ಅದು ಹಿಂದಿನ ದಿನಕ್ಕಿಂತ 50 ನಿಮಿಷ ತಡವಾಗಿ ಬರುತ್ತದೆ. ಇವತ್ತು ಬೆಳಗ್ಗೆ ಆರಕ್ಕೆ ಇಳಿತವಿದ್ದರೆ ವಾರದ ನಂತರ ಅದೇ ಹೊತ್ತಿಗೆ ಉಬ್ಬರದ ಹತ್ತಿರದ ಸ್ಥಿತಿ ಇರುತ್ತದೆ, ಎರಡು ವಾರಗಳಲ್ಲಿ ಚಕ್ರ ಸುತ್ತಿಬಂದು ಮತ್ತೆ ಬೆಳಗಿನ ಇಳಿತ ದೊರೆಯುತ್ತದೆ. ತಿಂಗಳು ಉಳಿದವರಿಗೆ ಈ ಚಕ್ರ ಎರಡು ಬಾರಿ ಪೂರ್ಣವಾಗಿ ಕಾಣುತ್ತದೆ; ಒಂದೇ ತೀರ ಎಂದಿಗೂ ಬೇಸರ ತರಿಸದಿರುವುದಕ್ಕೆ ಇದೇ ಕಾರಣ.

ಅಮಾವಾಸ್ಯೆ ಮತ್ತು ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ನೇರಕ್ಕೆ ಕೂಡುವುದರಿಂದ ಉಬ್ಬರ ತುಂಬ ಮೇಲೇರುತ್ತದೆ, ಇಳಿತ ತುಂಬ ಕೆಳಗಿಳಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಎರಡರ ನಡುವಿನ ಅಂತರ ಅತಿ ಕಡಿಮೆ. ಬಂಡೆಗಳ ನಡುವಿನ ಕೊಳಗಳಲ್ಲಿ ನಕ್ಷತ್ರಮೀನು, ಏಡಿ, ಕಡಲ ಹೂ ಎಂಬ ಹೂವಿನಂತಹ ಜೀವಿಗಳನ್ನು ನೋಡಬೇಕೆಂದರೆ ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದ ಮರುದಿನದ ಇಳಿತಕ್ಕೆ ಹೋಗಿ. ಇಳಿತದ ಕನಿಷ್ಠ ಮಟ್ಟಕ್ಕೆ ಒಂದು ಗಂಟೆ ಮೊದಲೇ ಬಂಡೆ ತಲುಪಿ, ನೀರು ತಿರುಗುತ್ತಿದ್ದಂತೆಯೇ ಹಿಂದಿರುಗಿ. ಉಬ್ಬರ ಒಂದೇ ಸಮನೆ ಏರುವುದಿಲ್ಲ. ಆರು ಗಂಟೆಗಳ ಏರಿಕೆಯಲ್ಲಿ ಮೊದಲ ಗಂಟೆ ಹನ್ನೆರಡರಲ್ಲಿ ಒಂದು ಪಾಲಷ್ಟೇ ಏರಿ, ನಡುವಿನ ಎರಡು ಗಂಟೆಗಳಲ್ಲಿ ಅರ್ಧಕ್ಕೆ ಅರ್ಧ ಏರಿಬಿಡುತ್ತದೆ. ಮೊದಲ ಗಂಟೆಯ ನಿಧಾನವನ್ನು ನೋಡಿ ಬಂಡೆಯ ಮೇಲೆಯೇ ಕುಳಿತವರು ಹಿಂದಿನ ದಾರಿ ಮುಳುಗಿದ್ದನ್ನು ತಡವಾಗಿ ಗಮನಿಸುತ್ತಾರೆ. ಮೆಡಿಟರೇನಿಯನ್‌ನಂತಹ ಸಮುದ್ರಗಳಲ್ಲಿ ಉಬ್ಬರವಿಳಿತ ಬಹಳ ಸಣ್ಣದು, ಅಲ್ಲಿ ದಿನಚರಿಯನ್ನು ಗಾಳಿಯ ಮೇಲೆ ಕಟ್ಟಿಕೊಳ್ಳಬೇಕು.

ನಡಿಗೆಗೆ ಇಳಿತದ ಹೊತ್ತೇ ಸರಿ. ಆಗ ನೀರು ಬಿಟ್ಟುಹೋದ ಒದ್ದೆ ಮರಳು ಗಟ್ಟಿಯಾಗಿ, ಚಪ್ಪಟೆಯಾಗಿ ಇರುತ್ತದೆ. ಮೇಲಿನ ಒಣಮರಳಿನಲ್ಲಿ ಅದೇ ವೇಗದಿಂದ ನಡೆಯಲು ಗಟ್ಟಿ ನೆಲಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಬೇಕು. ಬರಿಗಾಲಿನ ನಡಿಗೆಯನ್ನು ಮೊದಲ ದಿನ ಹದಿನೈದು ನಿಮಿಷಕ್ಕೆ ಸೀಮಿತಗೊಳಿಸಿ ನಿಧಾನವಾಗಿ ಹೆಚ್ಚಿಸಿ, ಇಲ್ಲವಾದರೆ ಮೀನಖಂಡ ಮತ್ತು ಹಿಮ್ಮಡಿ ನೋಯುತ್ತವೆ. ತೀರ ಇಳಿಜಾರಾಗಿರುವುದರಿಂದ ಹೋದ ದಾರಿಯಲ್ಲೇ ಮರಳಿ ಬನ್ನಿ; ಆಗ ಎರಡೂ ಕಾಲುಗಳಿಗೆ ಭಾರ ಸಮವಾಗಿ ಬೀಳುತ್ತದೆ.

ನೀರಿಗಿಳಿಯುವ ಮುನ್ನ

ಪ್ರತಿ ಬಾರಿಯೂ, ತಿಂಗಳ ಕೊನೆಯ ದಿನವೂ, ಸ್ವಲ್ಪ ಎತ್ತರದಲ್ಲಿ ನಿಂತು ಹತ್ತು ನಿಮಿಷ ಕಡಲನ್ನು ನೋಡಿ. ಅಲೆಗಳು ಬಿಳಿಯಾಗಿ ಮುರಿಯುತ್ತಿರುವ ಸಾಲಿನ ನಡುವೆ ಅಲೆಯೇ ಮುರಿಯದ, ಬಣ್ಣ ತುಸು ಗಾಢವಾಗಿರುವ ಪಟ್ಟಿಯೊಂದು ಕಂಡರೆ ಅದು ಹೊರಸೆಳೆತದ ಹಾದಿ. ದಡಕ್ಕೆ ಬಂದ ನೀರೆಲ್ಲ ಆ ಕಾಲುವೆಯ ಮೂಲಕ ಮತ್ತೆ ಕಡಲಿಗೆ ಹರಿಯುತ್ತಿರುತ್ತದೆ. ಹೊಸಬರ ಕಣ್ಣಿಗೆ ಅದೇ ಶಾಂತವಾದ, ಇಳಿಯಲು ಯೋಗ್ಯವಾದ ಜಾಗವೆನಿಸುವುದು ನನ್ನನ್ನು ಯಾವಾಗಲೂ ಕಳವಳಗೊಳಿಸುತ್ತದೆ. ಈ ಸೆಳೆತದ ವೇಗ ಕೆಲವೊಮ್ಮೆ ಸೆಕೆಂಡಿಗೆ ಎರಡು ಮೀಟರ್ ದಾಟುತ್ತದೆ, ಒಲಿಂಪಿಕ್ ಈಜುಗಾರರಿಗೂ ಅದನ್ನು ಎದುರಿಸಿ ಈಜಲಾಗದು.

ಸಿಕ್ಕಿಬಿದ್ದರೆ ದಡದ ಕಡೆಗೆ ಹೋರಾಡಬೇಡಿ. ಸೆಳೆತ ದೂರಕ್ಕೆ ಒಯ್ಯುತ್ತದೆಯೇ ಹೊರತು ಕೆಳಕ್ಕೆ ಎಳೆಯುವುದಿಲ್ಲ. ಅಂಗಾತ ತೇಲಿ, ಉಸಿರನ್ನು ಸಮಮಾಡಿಕೊಂಡು, ಕೈಯೆತ್ತಿ ಸಹಾಯ ಕೇಳಿ; ಈಜಬಲ್ಲವರು ದಡಕ್ಕೆ ಸಮಾನಾಂತರವಾಗಿ ಅಲೆ ಮುರಿಯುತ್ತಿರುವ ಕಡೆಗೆ ಸರಿದು, ಅಲೆಗಳ ಜೊತೆ ಓರೆಯಾಗಿ ದಡ ಸೇರಬಹುದು. ಬೇರೆಯವರು ಸಿಕ್ಕಿಕೊಂಡದ್ದನ್ನು ಕಂಡರೆ ಬರಿಗೈಯಲ್ಲಿ ಧುಮುಕದೆ ಜೀವರಕ್ಷಕರನ್ನು ಕೂಗಿ, ತೇಲುವ ಏನನ್ನಾದರೂ ಎಸೆಯಿರಿ. ಮೇಲೆ ಕೆಂಪು, ಕೆಳಗೆ ಹಳದಿ ಇರುವ ಬಾವುಟಗಳ ನಡುವಿನ ಜಾಗ ಜೀವರಕ್ಷಕರ ಕಣ್ಗಾವಲಿನಲ್ಲಿರುತ್ತದೆ. ಬರೀ ಕೆಂಪು ಅಪಾಯದ್ದು, ನೇರಳೆ ಕುಟುಕುವ ಕಡಲ ಜೀವಿಗಳದ್ದು. ಮೀನುಗಾರರು ದೋಣಿ ಇಳಿಸದ ದಿನ ನೀವೂ ಇಳಿಯಬೇಡಿ.

ಕಲಕಿದ ಆಳವಿಲ್ಲದ ನೀರಿನಲ್ಲಿ ಪಾದಗಳನ್ನು ಎತ್ತಿಡದೆ ಮರಳಿನ ಮೇಲೆ ಎಳೆಯುತ್ತ ನಡೆದರೆ ಅಡಗಿ ಮಲಗಿರುವ, ಬಾಲದಲ್ಲಿ ಮುಳ್ಳಿರುವ ತೊರಕೆ ಮೀನುಗಳು ಸರಿದುಹೋಗುತ್ತವೆ. ಜೆಲ್ಲಿಮೀನು ತಗಲಿದ ಜಾಗವನ್ನು ಕಡಲ ನೀರಿನಿಂದಲೇ ತೊಳೆಯಬೇಕು, ಸಿಹಿನೀರು ಹಾಕಿದರೆ ಇನ್ನೂ ಸಿಡಿಯದ ಕುಟುಕುಕೋಶಗಳು ಸಿಡಿಯುತ್ತವೆ. ಮರಳಿನಿಂದ ಉಜ್ಜುವುದಂತೂ ಕೂಡದು. ಯಾವ ಜಾತಿಗೆ ಏನು ಮದ್ದು ಎಂಬುದನ್ನು ಅಲ್ಲಿನ ಜೀವರಕ್ಷಕರಿಂದ ಮೊದಲ ವಾರದಲ್ಲಿಯೇ ಕೇಳಿ ತಿಳಿದಿರಿ. ದಿನವೂ ಈಜುವವರ ಕಿವಿಯಲ್ಲಿ ನೀರು ನಿಂತು ಸೋಂಕಾಗುವುದು ಸಾಮಾನ್ಯ. ತಲೆಯನ್ನು ಓರೆಮಾಡಿ ನೀರು ಇಳಿಸಿ, ಹೊರಗಿವಿಯನ್ನು ಒರೆಸಿ, ಕಡ್ಡಿ ಹಾಕಬೇಡಿ. ಕಾಲಿಗೆ ಗಾಯವಿದ್ದರೆ ಅದು ಮಾಗುವವರೆಗೆ ನೀರಿನಿಂದ ದೂರವಿರಿ.

ಉಪ್ಪು ಮತ್ತು ಸಾಮಾನು

ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ, ಗಾಳಿಯಲ್ಲಿಯೂ ಅದರ ಕಣಗಳಿವೆ. ಮೊಬೈಲ್, ಲ್ಯಾಪ್‌ಟಾಪ್, ಕ್ಯಾಮೆರಾಗಳನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ. ಒದ್ದೆ ಕೈಯಿಂದ ಚಾರ್ಜರ್ ಚುಚ್ಚಬೇಡಿ. ಈಜುಡುಗೆ, ಬೀಗ, ಸೈಕಲ್ ಸರಪಳಿ, ಕನ್ನಡಕಗಳನ್ನು ಪ್ರತಿ ಸಂಜೆ ಸಿಹಿನೀರಿನಲ್ಲಿ ತೊಳೆದು ಒರೆಸಿದರೆ ತಿಂಗಳ ನಂತರವೂ ಅವು ಹಾಗೆಯೇ ಇರುತ್ತವೆ. ಒದ್ದೆ ಟವೆಲನ್ನು ಕೋಣೆಯೊಳಗೆ ಹರಡಿದರೆ ಎರಡೇ ದಿನದಲ್ಲಿ ಮುಗ್ಗಲು ವಾಸನೆ ಬರುತ್ತದೆ.

ನಡುವಿನ ವಾರಗಳು

ಎರಡನೆಯ ವಾರದ ಕೊನೆಗೆ ಒಂದು ಬಗೆಯ ಖಾಲಿತನ ಬರುತ್ತದೆ. ಅದಕ್ಕೆ ಹೆದರಿ ದೋಣಿವಿಹಾರ, ಪಕ್ಕದೂರಿನ ಪ್ರವಾಸಗಳನ್ನು ಒಟ್ಟೊಟ್ಟಿಗೆ ತುಂಬಿಕೊಳ್ಳಬೇಡಿ. ಎರಡು ಮೂರು ದಿನಗಳಲ್ಲಿ ಅದು ತಾನಾಗಿಯೇ ಹೋಗುತ್ತದೆ. ಬದಲಿಗೆ ದಿನವೂ ಮಾಡಬಹುದಾದ ಒಂದೇ ಸಣ್ಣ ಕೆಲಸವನ್ನು ಹಿಡಿಯಿರಿ. ಒಂದು ಪುಸ್ತಕವನ್ನು ನಿಧಾನವಾಗಿ ಓದುವುದು, ಒಂದೇ ಬಂಡೆಯಲ್ಲಿ ಕುಳಿತು ಚಿತ್ರ ಬರೆಯುವುದು, ಬೆಳಗಿನ ನಡಿಗೆಯಲ್ಲಿ ಕಂಡ ಹಕ್ಕಿಗಳ ಹೆಸರು ಬರೆದಿಡುವುದು, ಅಲೆ ತಂದೆಸೆದ ಪ್ಲಾಸ್ಟಿಕನ್ನು ಒಂದು ಚೀಲ ತುಂಬ ಹೆಕ್ಕುವುದು, ಇವುಗಳಲ್ಲಿ ಯಾವುದಾದರೂ ಸಾಕು. ದೂರದಿಂದಲೇ ಉದ್ಯೋಗ ನಡೆಸುವವರು ನಡುಹಗಲನ್ನು ಅದಕ್ಕೆ ಮೀಸಲಿಟ್ಟರೆ ಬಿಸಿಲೂ ತಪ್ಪುತ್ತದೆ, ಬೆಳಗು ಸಂಜೆಗಳೂ ಉಳಿಯುತ್ತವೆ.

ಅಮಾವಾಸ್ಯೆಯ ರಾತ್ರಿಯನ್ನು ಮಾತ್ರ ಕಳೆದುಕೊಳ್ಳಬೇಡಿ. ಬೆಚ್ಚನೆಯ ಕಡಲುಗಳಲ್ಲಿ ಕೆಲವು ಕಾಲ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ದಟ್ಟವಾಗಿ ಬೆಳೆದು, ನೀರು ಕದಡಿದಾಗ ನೀಲಿಬೆಳಕು ಸೂಸುತ್ತವೆ. ಊರಿನ ದೀಪಗಳಿಂದ ದೂರ ನಿಂತು, ಕಣ್ಣು ಕತ್ತಲಿಗೆ ಹೊಂದಲು ಇಪ್ಪತ್ತು ನಿಮಿಷ ಕಾದು ನೋಡಿದರೆ ಮುರಿಯುವ ಅಲೆಯ ಅಂಚು ಮಿನುಗುವುದು ಕಂಡೀತು. ಟಾರ್ಚ್ ಹಾಕಬೇಡಿ. ಕಡಲಾಮೆಗಳು ಮೊಟ್ಟೆಯಿಡುವ ತೀರವಾಗಿದ್ದರೆ ಇದು ಇನ್ನೂ ಮುಖ್ಯ. ಮೊಟ್ಟೆಯೊಡೆದು ಬಂದ ಮರಿಗಳು ಬೆಳಕಿನ ದಿಕ್ಕನ್ನು ಹಿಡಿದು ಕಡಲನ್ನು ಹುಡುಕುತ್ತವೆ, ಮನುಷ್ಯರ ದೀಪಗಳು ಅವುಗಳನ್ನು ನೆಲದ ಕಡೆಗೆ ದಾರಿ ತಪ್ಪಿಸುತ್ತವೆ. ಮನೆಯ ಕಡಲ ಕಡೆಯ ದೀಪಗಳನ್ನೂ ಆ ತಿಂಗಳುಗಳಲ್ಲಿ ಆರಿಸಿಡಬೇಕು.

ಹೊರಡುವ ಮುನ್ನ ಎರಡು ದಿನ ಬಿಡುವಾಗಿಟ್ಟುಕೊಳ್ಳಿ. ಚಪ್ಪಲಿ, ಚೀಲ, ಉಡುಪುಗಳ ಮರಳನ್ನು ಕೊಡವಿ, ಎಲ್ಲವನ್ನೂ ಸಿಹಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆಯೇ ಪೆಟ್ಟಿಗೆ ತುಂಬಬೇಕು. ತಿಂಗಳಿಡೀ ಹೆಕ್ಕಿದ ಕಪ್ಪೆಚಿಪ್ಪು, ಶಂಖಗಳನ್ನು ಒಂದು ತಟ್ಟೆಯಲ್ಲಿ ಹರಡಿ ರಾತ್ರಿಯಿಡೀ ಹಾಗೆಯೇ ಬಿಟ್ಟು ನೋಡಿ. ಶಂಖದೊಳಗೆ ಸನ್ಯಾಸಿ ಏಡಿ ಮನೆಮಾಡಿಕೊಂಡಿದ್ದರೆ ಅದು ಬೆಳಗಾಗುವುದರೊಳಗೆ ಸ್ಥಳ ಬದಲಿಸಿರುತ್ತದೆ. ಅದನ್ನು ಹೆಕ್ಕಿದ ಜಾಗಕ್ಕೇ ಒಯ್ದು ನೀರಿನಂಚಿನ ಒದ್ದೆ ಮರಳಿನ ಮೇಲೆ ಇಟ್ಟು ಬನ್ನಿ.